ಉಡಿ ತುಂಬಲು ಮುತ್ತೈದೆ ಹುಡುಕಿದ ದಿನ

ಜೀವಮಾನದಲ್ಲಿ ನಾನು ದೇಶದ ಗಡಿ ದಾಟಿದ್ದು ಒಂದೇ ಸಲ, ಅದೂ ಒಬ್ಬನೇ. ಹೋದದ್ದು ನೇಪಾಳಕ್ಕೆ. ಪಾಸ್‌ಪೋರ್ಟು ಬೇಕಿರಲಿಲ್ಲ, ವಿಮಾನ ಹತ್ತಲಿಲ್ಲ. ಗದಗ ಸ್ಟೇಷನ್ನಿನಲ್ಲಿ ಸೊಲ್ಲಾಪುರದ ಗಾಡಿ ಹತ್ತಿದವನು ಎಲ್ಲೆಲ್ಲಿ ಇಳಿದು ಎಲ್ಲೆಲ್ಲಿ ಏರಿದೆನೋ, ಕೊನೆಗೆ ಬಿಹಾರದ ರಕ್ಸೌಲಿನಲ್ಲಿ ಒಂದು ಸೈಕಲ್ ರಿಕ್ಷಾದಲ್ಲಿ ಕುಳಿತು ಗಡಿ ದಾಟಿದೆ. ರಿಕ್ಷಾದಲ್ಲಿ ಕುಳಿತು ಹೋಗಬಹುದಾದ ಪರದೇಶ ಅದು. ಆದರೂ ನಮ್ಮ ಕಚೇರಿಯ ಗೆಳೆಯರು ಬಿಡಬೇಕಲ್ಲ. "ಏನ್ರೀ ಸಾಹೇಬ್ರ, ಫಾರಿನ್ನಿಗೆ ಹೊಂಟೀರಂತ! ಬರೂಮುಂದ ನಮಗೊಂದು ವಾಚ್ ತರ್ರಿ" ಎಂದು ಕಾಲೆಳೆದರು. ನಾನು ನಗಲಿಲ್ಲ. ಮೊದಲೇ ಸಿಡುಕಿನ ಸ್ವಭಾವ ನನ್ನದು, ಆ ಸಲವಂತೂ ನಗುವಂಥದ್ದೇನೂ ಇರಲಿಲ್ಲ. ನಾನು ಹೊರಟದ್ದು ಅಕ್ಕನನ್ನು ಪಂಚಮಿಗೆ ಕರೆತರಲು.

ಇದು ಎಂಬತ್ತರ ದಶಕದ ಆರಂಭದ ಮಾತು. ನಮ್ಮದು ಬೆಟಗೇರಿಯಲ್ಲಿ ಒಂದು ದೇವಿ ಗುಡಿಯ ಪೂಜೆ ನೋಡಿಕೊಂಡು ಬಂದ ಮನೆತನ. ಅಜ್ಜನ ನಂತರ ಅಪ್ಪ. ಅಪ್ಪನ ನಂತರ ನಾನಾಗಬೇಕಿತ್ತು, ನಾನು ಗದಗಿನಲ್ಲಿ ಗುಮಾಸ್ತನಾದೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಮುಂಡರಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು. ಎಪ್ಪತ್ತರ ಆಚೀಚೆ ದೊಡ್ಡ ಬರ ಬಿತ್ತಲ್ಲ, ಆಗ ಆ ಕಡೆಯ ಹಳ್ಳಿಗಳಿಗೆ ಬೋರ್ ಹೊಡೆಯುವ ಗಾಡಿಗಳು ಬಂದವು. ಅಂಥ ಒಂದು ಗಾಡಿಯ ಜೊತೆ ಬಂದ ಮೆಕ್ಯಾನಿಕ್ಕನನ್ನು ಅಕ್ಕ ಮದುವೆಯಾದಳು. ಉತ್ತರದ ಕಡೆಯವನು, ಮಾತು ಹಿಂದಿ, ಜಾತಿ ಬೇರೆ. ನಾವು ಯಾರೂ ಅವನ ಮುಖ ಕಂಡವರಲ್ಲ. ಇಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮಾಡಿ ಊರು ಬಿಟ್ಟ ಮೇಲೆಯೇ ನಮಗೆ ಖಬರು ಬಂದದ್ದು.

ಆ ದಿನ ಗುಡಿಯ ಕಟ್ಟೆಯ ಮೇಲೆ, ಹತ್ತು ಮಂದಿಯ ಎದುರು ಅಪ್ಪ ಒಂದು ಮಾತು ಆಡಿದ. "ಅಕಿ ಹಣಿಮ್ಯಾಲಿನ ಕುಂಕುಮ ಎಷ್ಟು ದಿವಸ ನಿಂದರತೈತಿ, ನಾನೂ ನೋಡತೇನಿ" ಅಂದ. ದಿನ ಬೆಳಗಾದರೆ ಊರ ಹೆಣ್ಣುಮಕ್ಕಳ ಅಂಗೈಗೆ ದೇವಿಯ ಕುಂಕುಮ ಹಾಕುವವನು ಆಡುವ ಮಾತಲ್ಲ ಅದು. ಸಿಟ್ಟಿನಲ್ಲಿ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನಮ್ಮ ಅಪ್ಪನ ಮಾತು ಹೋಗಲೂ ಇಲ್ಲ. ಊರ ಬಾಯಿಂದ ಬಾಯಿಗೆ ದಾಟಿ ಅಕ್ಕನ ತನಕ ಮುಟ್ಟಿತು ಎಂದು ಆಮೇಲೆ ತಿಳಿಯಿತು. ಅಂದಿನಿಂದ ಅವಳ ಹೆಸರು ನಮ್ಮ ಮನೆಯಲ್ಲಿ ಏಳಲಿಲ್ಲ.

ಎಷ್ಟೋ ವರ್ಷದ ಮೇಲೆ, ನಾನು ಹೊರಡುವ ಹಿಂದಿನ ದೀಪಾವಳಿಯ ಸುಮಾರಿಗೆ, ಬೆಟಗೇರಿಯಿಂದ ಕಾಶಿಯಾತ್ರೆಗೆ ಹೋದ ಹೆಂಗಸರ ಗುಂಪೊಂದು ಪಶುಪತಿನಾಥನ ದರ್ಶನಕ್ಕೆಂದು ಕಾಠ್ಮಂಡುವಿಗೂ ಹೋಗಿಬಂತು. ಅಲ್ಲಿ ಗುಡಿಯ ಮುಂದೆ ಇವರು ತಮ್ಮ ತಮ್ಮಲ್ಲಿ ಜೋರಾಗಿ ಜಗಳಾಡುತ್ತಿದ್ದರಂತೆ. ಯಾರೋ ಹಿಂದಿನಿಂದ ಬಂದು "ಯಾವೂರವರ್ರಿ ನೀವು?" ಎಂದು ಕೇಳಿದರಂತೆ. ತಿರುಗಿ ನೋಡಿದರೆ ನಮ್ಮ ಅಕ್ಕ. "ಹಣಿ ತುಂಬ ಕುಂಕುಮ, ಕೈ ತುಂಬ ಬಳಿ, ಚಲೋ ಅದಾಳ್ರೀ ನಿಮ್ಮ ಮಗಳು" ಎಂದು ಆ ಹೆಂಗಸರು ಅವ್ವನಿಗೆ ಹೇಳಿ, ಬರೆಸಿಕೊಂಡು ಬಂದಿದ್ದ ವಿಳಾಸವನ್ನೂ ಕೊಟ್ಟರು. ಅವಳ ಗಂಡನ ಕಂಪನಿಗೆ ನೇಪಾಳದಲ್ಲಿ ಬಾವಿ ಕೊರೆಯುವ ಗುತ್ತಿಗೆ ಸಿಕ್ಕಿತ್ತಂತೆ. ಅಂದಿನಿಂದ ಅವ್ವ ನನ್ನ ಬೆನ್ನು ಹತ್ತಿದಳು.

"ಎಲ್ಲಾರ ಮನಿ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರತಾರ. ನನ್ನ ಮಗಳೇನು ಪಾಪ ಮಾಡ್ಯಾಳ? ಅಣ್ಣತಮ್ಮಂದಿರು ಕರಿಯಾಕ ಹೋಗದ ಅಕಿ ಹೆಂಗ ಬರಬೇಕು?" ಎನ್ನುತ್ತಿದ್ದಳು. ಅಪ್ಪ ಪಡಸಾಲೆಯಲ್ಲೇ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ನಾನು ರಜೆ ಹಾಕಿ ಹೊರಡುವ ದಿನ ನೋಡುತ್ತೇನೆ, ನನ್ನ ಚೀಲದ ಮೇಲೆ ಗುಡಿಯ ಕುಂಕುಮದ ಪೊಟ್ಟಣ ಇತ್ತು. ಅದನ್ನು ಇಟ್ಟವರು ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಅಪ್ಪ ಆಗಲೇ ಗುಡಿಗೆ ಹೋಗಿಬಿಟ್ಟಿದ್ದ.

ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಂಡಿ ಕಟ್ಟಿಕೊಟ್ಟಳು. ಬೇರೆ ಒಂದು ಗಂಟಿನಲ್ಲಿ ಉಡಿಯ ಸಾಮಾನು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆ, ಹಸಿರು ಖಣ. ನಮ್ಮ ಕಡೆ ಮಗಳನ್ನು ಉಡಿ ತುಂಬದೆ ಕಳಿಸುವುದಿಲ್ಲ. ಸೆರಗೊಡ್ಡಿ ಕುಳಿತ ಮಗಳ ಮಡಿಲಿಗೆ ಮುತ್ತೈದೆಯೊಬ್ಬಳು ಇವನ್ನು ಹಾಕಬೇಕು. ಅಕ್ಕನಿಗೆ ಅದು ಒಂದು ಸಲವೂ ಆಗಿರಲಿಲ್ಲ. ಅವ್ವ ಬೆರಳು ಎತ್ತಿ ಹೇಳಿದಳು: "ಅಕಿ ಬರತೇನಿ ಅಂದ್ರ ಕರಕೊಂಡು ಬಾ. ಈ ಸಲ ಆಗೂದಿಲ್ಲ ಅಂದ್ರ, ನೀ ಹೊಂಡೋ ದಿವಸ ಉಡಿ ತುಂಬಿಸಿ ಬಾ. ನೀ ತುಂಬಬ್ಯಾಡ ಮತ್ತ, ಗಂಡಸರು ತುಂಬೂದಲ್ಲ ಅದು. ಅಲ್ಲೇ ಯಾರರೆ ಮುತ್ತೈದಿ ಇರತಾಳ, ಕೈಮುಗದು ಕರಿ. ಹೊಳ್ಳಿ ಮಾತ್ರ ತರಬ್ಯಾಡ."

ಅಕ್ಕ ಇದ್ದದ್ದು ಹಳೆಯ ಇಟ್ಟಿಗೆಯ ಮನೆಯೊಂದರ ಮೇಲಿನ ಮಾಳಿಗೆಯಲ್ಲಿ. ಏಣಿಯಂಥ ಮೆಟ್ಟಿಲು, ಕೆತ್ತನೆಯ ಕಿಟಕಿ, ಬಗ್ಗಿ ನಡೆಯಬೇಕಾದ ಬಾಗಿಲು. ಮೊದಲ ದಿನವೇ ನನ್ನ ಹಣೆಗೆ ಬಾಗಿಲು ಬಡಿದಾಗ ಅಕ್ಕ ನಕ್ಕಳು. "ಈ ಮನ್ಯಾಗ ಎಲ್ಲಾರೂ ತಲಿ ತಗ್ಗಿಸೇ ಬರಬೇಕಪಾ" ಅಂದಳು. ಸೊರಗಿದ್ದಳು. ಹಣೆಯಲ್ಲಿ ದೊಡ್ಡ ಕುಂಕುಮ, ಕೈಯಲ್ಲಿ ಹೊಸ ಹಸಿರು ಬಳೆ. ನನ್ನನ್ನು ನೋಡಿ ಅತ್ತಳು. ರೊಟ್ಟಿಯ ಗಂಟು ಬಿಚ್ಚಿ ಅಲ್ಲೇ ಒಂದು ಮುರಿದು ಬಾಯಿಗೆ ಹಾಕಿಕೊಂಡು ಮತ್ತೆ ಅತ್ತಳು. ಭಾವ ಕೆಲಸದ ಮೇಲೆ ತೆರಾಯಿಗೆ, ಅಂದರೆ ಅಲ್ಲಿಯ ಕೆಳಗಿನ ಬಯಲುಸೀಮೆಗೆ ಹೋಗಿದ್ದಾರೆ, ಬರುವುದು ತಡವಾಗುತ್ತದೆ ಎಂದಳು. ಗೂಟಕ್ಕೆ ಅವನ ಕೋಟು ತೂಗುತ್ತಿತ್ತು.

ನಾನು ಅಲ್ಲಿ ಇದ್ದ ನಾಲ್ಕಾರು ದಿನವೂ ಮಳೆ. ಅಕ್ಕ ಕಿಟಕಿಯ ಬಳಿ ಕುಳಿತು ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದಳು. ಅಂಗಡಿಯವರು ಉಣ್ಣೆ ತಂದುಕೊಟ್ಟು ಸ್ವೆಟರ್ ಒಯ್ಯುತ್ತಿದ್ದರು. "ಹೊತ್ತು ಹೋಗಬೇಕಲ್ಲ" ಎಂದಳು. ಊರು ನೋಡಿ ಬಾ ಎಂದು ನನ್ನೊಬ್ಬನನ್ನೇ ಕಳಿಸುತ್ತಿದ್ದಳು, ತಾನು ಮಾತ್ರ ನನ್ನ ಜೊತೆ ಒಂದು ದಿನವೂ ಬೀದಿಗೆ ಇಳಿಯಲಿಲ್ಲ. ಪಶುಪತಿಯ ಗುಡಿಗೂ ಬರಲಿಲ್ಲ. ಕಾಲು ನೋವು, ಕೆಲಸ ಉಳಿದಿದೆ, ಮಳೆ, ದಿನಕ್ಕೊಂದು ನೆವ. ನಾನು ಹೆಚ್ಚು ಯೋಚಿಸಲಿಲ್ಲ. ನನ್ನ ತಲೆಯ ತುಂಬ ಆ ಭಾವನ ಮೇಲಿನ ಸಿಟ್ಟು ತುಂಬಿಕೊಂಡಿತ್ತು.

ಸಿಟ್ಟು ಬಾರದೆ ಏನು? ಹೆಂಡತಿಯ ತಮ್ಮ ಅಷ್ಟು ದೂರದಿಂದ ಬಂದಿದ್ದಾನೆ. ಬರುತ್ತೇನೆ ಎಂದು ಮೊದಲೇ ಬರೆದೂ ಇದ್ದೆ. ಒಂದು ದಿನದ ಮಟ್ಟಿಗೆ ಬಂದು ಮುಖ ತೋರಿಸಿ ಹೋದರೆ ಇವನ ಗಂಟೇನು ಹೋಗುತ್ತಿತ್ತು? ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಅಕ್ಕನ ಎದುರೇ ಅಂದೆ, "ಅಂವಗ ನಾವಂದ್ರ ಅಷ್ಟು ಸದರೇನು? ನಮ್ಮ ಮನಿ ಮಗಳನ್ನ ಕೇಳಲಾರದ ಕರಕೊಂಡು ಬಂದದ್ದೂ ಅಲ್ಲದ, ಈಗ ಮಾರಿ ತೋರಸಾಕೂ ಸೊಕ್ಕು!" ಅಕ್ಕ ಸೂಜಿಯಿಂದ ಕಣ್ಣು ಎತ್ತಲಿಲ್ಲ. "ಸೊಕ್ಕಿನವರಲ್ಲೋ ಅವರು. ಹಂಗ ಅನಬ್ಯಾಡ" ಅಂದಳು. ಪಂಚಮಿಗೆ ಬಾ ಎಂದರೆ "ನೋಡೋಣು" ಅನ್ನುತ್ತಿದ್ದಳು. ಅವರನ್ನು ಕೇಳಿ ಬರಬೇಕೇ ಎಂದರೆ ಅದಕ್ಕೂ "ನೋಡೋಣು".

ಕೊನೆಯ ದಿನ ಬಂತು. ಮಧ್ಯಾಹ್ನದ ಮೇಲೆ ಗಡಿಯ ಕಡೆಯ ಬಸ್ಸು. ಅವತ್ತು ಬೆಳಿಗ್ಗೆ ಒಂದೇ ಮಾತು ಕೇಳಿದೆ. "ಅಕ್ಕಾ, ಬರತೀಯೋ ಇಲ್ಲೋ?"

"ಈ ಸಲ ಆಗೂದಿಲ್ಲ ತಮ್ಮಾ. ಅವ್ವಗ ಹೇಳು, ಮುಂದ ನೋಡೋಣು ಅಂತ."

ನನಗೆ ಬೇಸರವೂ ಆಯಿತು, ಒಳಗೊಳಗೆ ಒಂದು ಹಟವೂ ಬಂತು. ಸರಿ, ಮಗಳು ಬಾರದಿದ್ದರೆ ಉಡಿಯಾದರೂ ತುಂಬಲೇಬೇಕು. ಅವ್ವನ ಎದುರು ಒಂದಾದರೂ ಮಾಡಿದೆ ಎನ್ನಬೇಕಲ್ಲ. ಅಕ್ಕ ಒಲೆಯ ಮುಂದೆ ಇದ್ದಾಗ ಅವಳಿಗೆ ಹೇಳದೆ ಗಂಟು ಬಿಚ್ಚಿದೆ. ಅಲ್ಲೇ ಗೋಡೆಗೆ ಒರಗಿಸಿದ್ದ ಮೊರದಲ್ಲಿ ಅಕ್ಕಿ, ಖಣ, ಕೊಬ್ಬರಿ ಜೋಡಿಸಿದೆ. ಹಿಂದಿನ ದಿನ ಪೇಟೆಯಲ್ಲಿ ಹುಡುಕಿ ತಂದಿದ್ದ ವೀಳ್ಯದೆಲೆ ಇಟ್ಟೆ. ಅಪ್ಪನ ಕುಂಕುಮದ ಪೊಟ್ಟಣವನ್ನು ನಡುವೆ ಇಟ್ಟೆ. ಗಂಡಸಿನ ಕೈಯಲ್ಲಿ ಜೋಡಿಸಿದ್ದು, ಎಲ್ಲ ಅಡ್ಡಾದಿಡ್ಡಿಯಾಗಿತ್ತು. ಅಕ್ಕ ಎಷ್ಟು ಖುಷಿಪಟ್ಟಾಳು ಎಂದು ನೆನೆದು, ಆ ದಿನಗಳಲ್ಲಿ ಮೊದಲ ಸಲ ನನಗೆ ಹಗುರಾಯಿತು.

ಇನ್ನು ಮುತ್ತೈದೆ. ನನಗೆ ಗೊತ್ತಿದ್ದದ್ದು ಕೆಳಗಿನ ಮಾಳಿಗೆಯ ಮನೆಯೊಡತಿ ಒಬ್ಬಳೇ. ನಲವತ್ತರ ಹೆಂಗಸು, ಬೈತಲೆಗೆ ಕೆಂಪಗೆ ಸಿಂಧೂರ, ಕೊರಳಲ್ಲಿ ಹಸಿರು ಮಣಿಯ ಸರ. ಗಂಡ ಕೆಳಗಡೆ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದ. ಇವಳಿಗಿಂತ ಒಳ್ಳೆಯ ಮುತ್ತೈದೆ ಎಲ್ಲಿ ಸಿಗಬೇಕು? ಇಳಿದು ಹೋಗಿ, ಕೈಮುಗಿದು, ನನ್ನ ಶಾಲೆಯ ಹಿಂದಿಯಲ್ಲಿ ಹೇಳಿದೆ. ನಮ್ಮ ದೇಶದಲ್ಲಿ ಹೀಗೊಂದು ಪದ್ಧತಿ ಇದೆ, ತಾಯಿ ಮಗಳಿಗೆ ಕಳಿಸಿದ್ದಾಳೆ, ಸುಹಾಗನ್, ಅಂದರೆ ಮುತ್ತೈದೆ, ಆದವಳು ಸುಹಾಗನ್‌ಗೆ ಕೊಡಬೇಕು, ನೀವು ಮೇಲೆ ಬಂದು ನನ್ನ ಅಕ್ಕನ ಮಡಿಲಿಗೆ ಹಾಕಿ ಕೊಡಬೇಕು.

ಆಕೆ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. ಯಾರಿಗೆ, ಎಂದು ಕೇಳಿದಳು. ನನ್ನ ಅಕ್ಕನಿಗೆ ಎಂದೆ. ನಿಮ್ಮ ಅಕ್ಕನೇ ಹೇಳಿ ಕಳಿಸಿದರೇ, ಎಂದಳು. ಇಲ್ಲ, ಅವಳಿಗೆ ಗೊತ್ತಿಲ್ಲ, ನಮ್ಮ ತಾಯಿಯ ಇಚ್ಛೆ ಎಂದೆ. ಆಕೆ ಒಳಗೆ ತಿರುಗಿ ತನ್ನ ಅತ್ತೆಗೆ ಅವರ ಭಾಷೆಯಲ್ಲಿ ಏನೋ ಹೇಳಿದಳು. ಮುದುಕಿ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು.

ನನಗೆ ಮೈ ಉರಿಯಿತು. ಜಾತಿ ನೋಡುತ್ತಿದ್ದಾರೆ ಎಂದುಕೊಂಡೆ. ಪರಜಾತಿಯವನ ಹೆಂಡತಿ, ಅವಳ ಮಡಿಲು ಮುಟ್ಟಬೇಕೋ ಬೇಡವೋ ಎಂದು ಇವರ ವಿಚಾರ ನಡೆದಿದೆ ಎಂದು ನನ್ನ ತೀರ್ಮಾನ. ಬುದ್ಧಿ ಓಡುವುದು ಎಲ್ಲಿಗೆ? ಹುಟ್ಟಿದ ಮನೆಯ ಹೊಸ್ತಿಲ ತನಕ. "ನಾವೇನು ಕಡಿಮೆ ಜನ ಅಲ್ಲ. ದೇವಿಯ ಪೂಜೆ ಮಾಡುವ ಮನೆತನ ನಮ್ಮದು. ಬರುವುದಿದ್ದರೆ ಬನ್ನಿ, ಇಲ್ಲದಿದ್ದರೆ ಇಲ್ಲವೆನ್ನಿ" ಎಂದುಬಿಟ್ಟೆ. ಆಕೆ ಎದ್ದು, ಕೈ ಒರೆಸಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನ ಹಿಂದೆ ಮೆಟ್ಟಿಲು ಹತ್ತಿದಳು.

ನಾನು ಗೆದ್ದವನ ಹಾಗೆ ಒಳಗೆ ಹೋಗಿ ಮಣೆ ಹಾಕಿದೆ. "ಅಕ್ಕಾ, ಒಲಿ ಬಿಟ್ಟು ಬಾ. ಸೆರಗು ಒಡ್ಡಿ ಕುಂಡ್ರು. ಅವ್ವ ಉಡಿ ಕಳಸ್ಯಾಳ" ಎಂದೆ.

ಅಕ್ಕ ಒಲೆಯ ಕಡೆಯಿಂದ ತಿರುಗಿದಳು. ಮೊರ ನೋಡಿದಳು, ಖಣ ನೋಡಿದಳು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಮನೆಯೊಡತಿಯನ್ನು ನೋಡಿದಳು. ಇಬ್ಬರ ನಡುವೆ ಮೆಲ್ಲಗೆ ಎರಡು ಮಾತಾಯಿತು. ಮನೆಯೊಡತಿ ಅಳುವ ದನಿಯಲ್ಲಿ ಏನೋ ಅಂದಳು, ನಾನೇನು ಮಾಡಲಿ, ಹೇಗೆ ಹೇಳಲಿ ಎಂಬಂತಿತ್ತು ಅದು. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅಕ್ಕ ಬಚ್ಚಲಿಗೆ ಹೋದಳು. ತಂಬಿಗೆಯ ಸದ್ದು ಕೇಳಿಸಿತು. ಮಡಿ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ಮಣೆ ಸರಿಪಡಿಸಿದೆ.

ಹೊರಗೆ ಬಂದಾಗ ಅವಳ ಹಣೆ ಬೋಳಾಗಿತ್ತು. ಕೈಯ ಬಳೆಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಮಾಡದಲ್ಲಿ ಇಟ್ಟಳು. ಮಣೆಯ ಮೇಲೆ ಕೂಡದೆ ಅದರ ಪಕ್ಕದಲ್ಲಿ ನೆಲಕ್ಕೆ ಕುಳಿತಳು.

"ಈಗ ತಿಳೀತೇನಪಾ?"

ನಾನು ಅವಳ ಎದುರು ನೆಲಕ್ಕೆ ಕುಳಿತೆ.

"ಮಾಘದಾಗ ಹೋದ್ರು. ಕಾಮಣಿ ಆಗಿತ್ತು. ಬಯಲುಸೀಮ್ಯಾಗ ಕೆಲಸಕ್ಕ ಹೋದವರು ಕಣ್ಣು ಹಳದಿ ಆದರೂ ಕೆಲಸಾ ಬಿಡಲಿಲ್ಲ. ಇಲ್ಲಿಗೆ ತರೂದರಾಗ ಎಲ್ಲಾ ಮುಗದಿತ್ತು. ನೀ ಬರತೇನಿ ಅಂತ ಬರದೆಲ್ಲಾ, ಅವತ್ತು ಪ್ಯಾಟಿಗೆ ಹೋಗಿ ಬಳಿ ಇಡಿಸಿಕೊಂಡು ಬಂದೆ. ಬಳಿ ಇಡಿಸಿದಾಕಿ ನನ್ನ ಗುರುತಿನಾಕಿ. ಅಕಿ ಮಾರಿ ನೋಡಬೇಕಿತ್ತು ನೀ."

ಹಿಂದಿನ ದಿನಗಳಲ್ಲಿ ನಾನು ಆಡಿದ್ದು ಒಂದೊಂದೇ ನೆನಪಾಯಿತು. ಸೊಕ್ಕು, ಸದರ, ಮುಖ ತೋರಿಸಲಿಲ್ಲ, ಎಲ್ಲ ಅಂದಿದ್ದೆ. ಸತ್ತವನನ್ನು ಅವನ ಹೆಂಡತಿಯ ಎದುರು ಕೂತು ಬೈದಿದ್ದೆ, ಅವಳು ಹೆಣೆಯುತ್ತ ಕೇಳಿಸಿಕೊಂಡಿದ್ದಳು. ಅವಳು ಬೀದಿಗೆ ಯಾಕೆ ಇಳಿಯಲಿಲ್ಲ ಎಂಬುದೂ ಆಗ ಹೊಳೆಯಿತು. ಆ ಓಣಿಗೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ, ಕುಂಕುಮ ಹಚ್ಚಿಕೊಂಡು ಅವಳು ನನ್ನೊಬ್ಬನ ಎದುರು ಮಾತ್ರ ಇರಬಲ್ಲವಳಾಗಿದ್ದಳು. ಆ ಓಣಿಯ ಹೆಂಗಸನ್ನೇ ನಾನು ಕೈಮುಗಿದು ಕರೆತಂದು, ಬಾ, ನನ್ನ ಅಕ್ಕನಿಗೆ ಮುತ್ತೈದೆಯ ಉಡಿ ತುಂಬು ಅಂದಿದ್ದೆ.

ಅತ್ತೆ. ನಾಚಿಕೆ ಬಿಟ್ಟು ಅತ್ತೆ. ಅಕ್ಕನೇ ನೀರು ಕೊಟ್ಟಳು.

ಸುಧಾರಿಸಿಕೊಂಡ ಮೇಲೆ ಹೇಳಿದೆ, "ಇನ್ನ ಇಲ್ಲಿ ಯಾರದಾರ ನಿನಗ? ನಡಿ ಊರಿಗೆ. ಇವತ್ತ ನಡಿ. ಅಪ್ಪನ ಜೋಡಿ ನಾ ಮಾತಾಡತೇನಿ."

"ಏನಂತ ಮಾತಾಡತಿ? ಅಪ್ಪಾ, ನೀ ಅಂದಿದ್ದು ಖರೆ ಆತು ಅಂತೀಯೇನು?"

"ಅಪ್ಪ ಈಗ ಹಂಗಿಲ್ಲಕ್ಕಾ. ನೋಡು, ಈ ಕುಂಕುಮ ಅವನ ಇಟ್ಟು ಕಳಸ್ಯಾನ."

ಅವಳು ಪೊಟ್ಟಣವನ್ನು ಕೈಗೆ ತೆಗೆದುಕೊಂಡಳು. ಬಿಚ್ಚಲಿಲ್ಲ. ತುಸು ಹೊತ್ತು ಹಿಡಿದುಕೊಂಡು, ಕಣ್ಣಿಗೆ ಒತ್ತಿಕೊಂಡು ದೇವರ ಮುಂದೆ ಇಟ್ಟಳು.

"ಅದಕ್ಕ ಹೇಳಾಕತ್ತೇನಿ" ಎಂದಳು. "ಅವತ್ತು ಅಪ್ಪ ಅಂದದ್ದು ಕೇಳಿದಾಗ ನನಗೂ ಸಿಟ್ಟು ಬಂದಿತ್ತು. ಇವನ ಎದುರಿಗೆ ನೂರು ವರ್ಷ ಬಾಳಿ ತೋರಸತೇನಿ ಅಂತ ಹಟಾ ಇತ್ತು. ಈಗ ಹಟಾ ಇಲ್ಲ. ಆದರ ವಿಚಾರ ಮಾಡು. ನಾ ಹಿಂಗ ಆಗೇನಿ ಅಂತ ಗೊತ್ತಾದ್ರ, ನಾಳೆ ಗುಡ್ಯಾಗ ಹೆಣ್ಣುಮಕ್ಕಳ ಕೈಯಾಗ ಅಂವ ಕುಂಕುಮ ಹೆಂಗ ಹಾಕತಾನ? ಕೈ ಏಳತೈತೇನು? ಅದನ್ನ ಮಾಡಕೋತ ಇಡೀ ಜನ್ಮ ಕಳದಾಂವ. ಆ ಮಾತು ತನ್ನ ಬಾಯಾಗ ಬಂದದ್ದಕ್ಕ ಹಿಂಗಾತು ಅಂತ ಕೊರಗಿ ಸಾಯತಾನ. ಬ್ಯಾಡ. ನಾ ಚಲೋ ಅದೇನಿ, ಅವರು ಕೆಲಸದ ಮ್ಯಾಲೆ ಇದ್ರು ಅಂತ ಹೇಳು. ನನ್ನ ತಲಿಮ್ಯಾಲೆ ಕೈ ಇಟ್ಟು ಆಣಿ ಮಾಡು."

ವಾದ ಮಾಡಿದೆ. ಬೈದೆ. ಅವ್ವನ ಹೆಸರು ಹೇಳಿ ಅಂಗಲಾಚಿದೆ. ಅವಳು ನಮ್ಮಪ್ಪನ ಮಗಳು, ಒಮ್ಮೆ ಹೇಳಿದ್ದನ್ನು ಬದಲಿಸುವವಳಲ್ಲ. ಅವಳ ಮಾತು ಪೂರ್ತಿ ತಪ್ಪು ಎನ್ನಲೂ ನನಗಾಗಲಿಲ್ಲ. ಗರ್ಭಗುಡಿಯ ಹೊಸ್ತಿಲಲ್ಲಿ ಬೆಳ್ಳಿಯ ಬಟ್ಟಲು ಹಿಡಿದು ನಿಲ್ಲುವ ಅಪ್ಪ ಕಣ್ಣ ಮುಂದೆ ಬಂದ. ಕೊನೆಗೆ ಅಕ್ಕನ ತಲೆಯ ಮೇಲೆ ಕೈ ಇಟ್ಟೆ. ಎಣ್ಣೆ ಕಾಣದ ಕೂದಲು ಒರಟಾಗಿತ್ತು.

ಮೊರದ ಸಾಮಾನು ಅಲ್ಲೇ ಇತ್ತು. ಹೊಳ್ಳಿ ತರಬೇಡ ಎಂದಿದ್ದಳು ಅವ್ವ. ಅಕ್ಕ ಮನೆಯೊಡತಿಗೆ ಉಡಿ ಕೊಡುವ ಹಾಗಿಲ್ಲ, ನಾನು ಕೊಡುವ ಹಾಗಿಲ್ಲ. ಏನು ಮಾಡುವುದೆಂದು ತೋಚದೆ ಕೂತಿದ್ದೆ. ಅಕ್ಕನೇ ಎದ್ದು ಮೊರದೊಳಗಿನ ಅಕ್ಕಿಯನ್ನು ಬೇರೆ ಮಾಡಿ ತೊಳೆದು ಒಲೆಯ ಮೇಲೆ ಇಟ್ಟಳು. "ನಮ್ಮ ಮನಿ ಅಕ್ಕಿ, ಉಣ್ಣಾಕೇನು? ಉಣ್ಣಾಕ ಯಾವ ಶಾಸ್ತ್ರಾ ಬೇಕು?" ಎಂದಳು. ಕೊಬ್ಬರಿ ತುರಿದು ಸಾರಿಗೆ ಹಾಕಿದಳು. ಮೆಟ್ಟಿಲ ಮೇಲೆ ಇನ್ನೂ ಕುಳಿತಿದ್ದ ಮನೆಯೊಡತಿಯನ್ನು ಒಳಗೆ ಕರೆದು ಕೂರಿಸಿದಳು. ಮೂವರೂ ಕೂತು ಉಂಡೆವು. ಅಕ್ಕ ಎರಡು ಸಲ ಹಾಕಿಸಿಕೊಂಡು ಉಂಡಳು. ಖಣವನ್ನು ಮಡಿಚಿ ಪೆಟ್ಟಿಗೆಯ ತಳದಲ್ಲಿ ಇಟ್ಟಳು.

ಬಸ್ ನಿಲ್ದಾಣದ ತನಕ ಅವತ್ತು ಅವಳೂ ಬಂದಳು. ಬೋಳು ಹಣೆ, ಬರಿಗೈ, ಒಂದು ಕಪ್ಪು ಛತ್ರಿ. ಅಷ್ಟು ದಿನದಲ್ಲಿ ನಾವಿಬ್ಬರೂ ಒಟ್ಟಿಗೆ ಬೀದಿಯಲ್ಲಿ ನಡೆದದ್ದು ಅದೊಂದೇ ಸಲ. ಅಂಗಡಿಯವರು ಅವಳನ್ನು ಮಾತಾಡಿಸಿದರು, ಒಬ್ಬಳು ತರಕಾರಿಯವಳು ಯಾರು ಇವರು ಎಂದು ಕೇಳಿದಳು. ಅಕ್ಕ ತವರಿನವರು ಎಂದು ಹೇಳಿದ್ದಿರಬೇಕು. ಬಸ್ಸು ಹೊರಡುವ ಮುನ್ನ ಕಿಟಕಿಯ ಬಳಿ ಬಂದು "ಅಪ್ಪಗ ಮಂಡಿನೋವು ಈಗೂ ಐತೇನು?" ಎಂದು ಕೇಳಿದಳು. ಐತಿ ಎಂದೆ. ಮಳೆಯಲ್ಲಿ ಬಸ್ಸು ಬೆಟ್ಟ ಏರತೊಡಗಿತು.

ದಾ​ರಿಯುದ್ದಕ್ಕೂ ನಾನು ಒಂದು ಹಂಚಿಕೆ ಹಾಕಿದೆ. ಈಗ ಆರಾಮ ಇದ್ದಾಳೆ ಎಂದು ಹೇಳುವುದು. ಅಪ್ಪ ಕೇಳಿಯೂ ಕೇಳದವನ ಹಾಗೆ ಇರುತ್ತಾನೆ, ಇಷ್ಟು ವರ್ಷ ಹಾಗೆಯೇ ಇದ್ದವನು. ಒಂದೆರಡು ವರ್ಷ ಹೋಗಲಿ. ಆಗ ಭಾವ ಈಚೆಗೆ ತೀರಿಕೊಂಡ ಎಂದು ಮೆಲ್ಲಗೆ ತಿಳಿಸಿ, ಅಪ್ಪನ ಮಾತಿಗೂ ಅದಕ್ಕೂ ಸಂಬಂಧ ಕಾಣದ ಹಾಗೆ ಮಾಡಿ, ಅಕ್ಕನನ್ನು ಕರೆತಂದರಾಯಿತು. ಇಷ್ಟು ಯೋಚಿಸಿದ ಮೇಲೆ ತುಸು ಧೈರ್ಯ ಬಂತು. ಎಲ್ಲ ನನ್ನ ಕೈಯಲ್ಲೇ ಇದೆ ಎಂದು ನಂಬಿಕೊಂಡು ಗದಗಿನಲ್ಲಿ ಇಳಿದೆ.

ಊರಲ್ಲಿ ಪಂಚಮಿ ಹತ್ತಿರ ಬಂದಿತ್ತು. ಬೇವಿನ ಮರಗಳಿಗೆ ಜೋಕಾಲಿ ಕಟ್ಟಿದ್ದರು. ಲಕ್ಷ್ಮೇಶ್ವರಕ್ಕೆ ಕೊಟ್ಟ ಎದುರು ಮನೆಯ ಹುಡುಗಿ ಕೂಸು ಎತ್ತಿಕೊಂಡು ಬಂದಿದ್ದಳು, ಶಿರಹಟ್ಟಿಗೆ ಕೊಟ್ಟವಳು ಬಂದಿದ್ದಳು, ಹೊಂಬಳದ ಬಸ್ಸಿನಿಂದ ಇನ್ನೊಬ್ಬಳು ಇಳಿಯುತ್ತಿದ್ದಳು. ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಹಿಂದೆ ಯಾರೂ ಇಲ್ಲದ್ದು ನೋಡಿ ಅವಳ ಮುಖ ಸಣ್ಣದಾಯಿತು. ಆದರೂ ಕೇಳಿದಳು.

"ಉಡಿ ತುಂಬಿಸಿದೆಲಾ?"

"ಹೂಂ. ಕೆಳಗಿನ ಮನಿಯಾಕಿ ಬಂದಿದ್ಲು."

"ಅಳಿಯನ್ನ ನೋಡಿದೆ?"

ಕೆಲಸದ ಮೇಲೆ ಹೋಗಿದ್ದ ಎನ್ನಬೇಕು ಎಂದು ಅಕ್ಕ ಹೇಳಿಕೊಟ್ಟಿದ್ದಳು. ಹಾಗೆ ಹೇಳಿದರೆ ಅವ್ವ ಕೆದಕಿ ಕೆದಕಿ ಕೇಳುತ್ತಾಳೆ ಎನಿಸಿತು. "ನೋಡಿದೆ. ಚಲೋ ಮನಶ್ಯಾ" ಎಂದೆ.

ಪಡಸಾಲೆಯಲ್ಲಿ ಅಪ್ಪ ಗೋಡೆಯ ಕಡೆ ಮುಖ ಮಾಡಿ ಅಡಿಕೆ ಕುಟ್ಟುತ್ತಿದ್ದ. ಕುಟ್ಟುವುದು ನಿಂತಿತು. ತಿರುಗದೆಯೇ, "ಅಕಿನ್ನ ಚಲೋ ನೋಡಿಕೋತಾನೇನು?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಅಪ್ಪ ಅವಳ ಬಗ್ಗೆ ಆಡಿದ ಮೊದಲ ಮಾತು. "ಬಾಳ ಚಲೋ ನೋಡಿಕೋತಾನ" ಎಂದೆ. ಅಕ್ಕ ಅವನ ಬಗ್ಗೆ ಹೇಳಿದ್ದನ್ನು ನೆನೆದು, "ಸೊಕ್ಕಿಲ್ಲದ ಮನಶ್ಯಾ" ಎಂದೂ ಸೇರಿಸಿದೆ.

ಅಪ್ಪ ತಿರುಗಿದ. ಕಣ್ಣುಗಳು ಒದ್ದೆಯಾಗಿದ್ದವು.

"ಹಿಂದಿನದು ಹೋತು ಬಿಡು. ತಪ್ಪು ನಂದೂ ಐತಿ. ದೀಪಾವಳಿಗೆ ಇಬ್ಬರನ್ನೂ ಕರಸು. ಅಕಿನ್ನೊಬ್ಬಾಕೀನ್ನ ಕಳಸಬ್ಯಾಡ ಅಂತ ಬರಿ. ಒಬ್ಬಾಕೀನ ಬಂದ್ರ ಮಂದಿ ನಾಲ್ಕು ಮಾತಾಡತಾರ, ಅಳಿಯನ್ನ ಇನ್ನೂ ಮನಿಯೊಳಗ ತಗೊಂಡಿಲ್ಲ ಅಂತಾರ. ಇಬ್ಬರೂ ಕೂಡೇ ಬರಬೇಕು. ನಾನ ಸ್ಟೇಷನ್ನಿಗೆ ಹೋಗಿ ಕರಕೊಂಡು ಬರತೇನಿ."

ಅವ್ವ ಅಳುತ್ತ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು. ಮೊದಲು ಅಪ್ಪನ ಬಾಯಿಗೆ ಹಾಕಿದಳು, ಆಮೇಲೆ ನನ್ನ ಬಾಯಿಗೆ, ಆಮೇಲೆ ಓಣಿಯ ಮನೆ ಮನೆಗೆ ಹೋದಳು. ದೀಪ ಹಚ್ಚುವ ಹೊತ್ತಿಗೆ, ಗುಡಿಯವರ ಮಗಳು ಅಳಿಯ ದೀಪಾವಳಿಗೆ ಬರುತ್ತಾರೆ ಎಂಬ ಸುದ್ದಿ ಬೆಟಗೇರಿಗೆಲ್ಲ ಗೊತ್ತಾಗಿತ್ತು. ನಾನು ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ನಿಂತಿದ್ದೆ. ಒಬ್ಬಳೇ ಬರಬಹುದಾಗಿದ್ದ ಬಾಗಿಲನ್ನು ಇಬ್ಬರಿಗಾಗಿ ತೆರೆದಿಟ್ಟರು, ತೆರೆಸಿದವನು ನಾನೇ. ಅಪ್ಪ ಇರುವ ತನಕ ಅಕ್ಕ ಬರಲಿಲ್ಲ. ಹಬ್ಬ ಬಂದಾಗಲೆಲ್ಲ ಭಾವನಿಗೆ ರಜೆ ಸಿಗುತ್ತಿರಲಿಲ್ಲ.

ಆ ಮೊದಲ ದೀಪಾವಳಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಅಪ್ಪ ನನ್ನನ್ನು ಕರೆದುಕೊಂಡು ಗದಗಿನ ಪೇಟೆಗೆ ಹೊರಟ. ಮಂಡಿನೋವಿನವನು, ಟಾಂಗಾ ಬೇಡ ಎಂದು ನಡೆದೇ ಬಂದ. ಅಳಿಯನಿಗೆ ಧೋತರ ಕೊಡಬೇಕು. ಅಂಗಡಿಯವನು ಜರಿ ಅಂಚಿನವನ್ನು ಒಂದರ ಮೇಲೊಂದು ಹರವಿದ. ಅಪ್ಪ ಅಂಚು ಬೆಳಕಿಗೆ ಹಿಡಿದು ನೋಡಿದ, ನೂಲು ಉಜ್ಜಿ ನೋಡಿದ, ಒಂದನ್ನು ಆರಿಸಿದ.

"ಎಂಟು ಮೊಳದ್ದು ಕೊಡ್ಲೋ, ಹತ್ತು ಮೊಳದ್ದೋ?" ಎಂದು ಅಂಗಡಿಯವನು ಕೇಳಿದ. "ಆಳು ಎಷ್ಟು ಎತ್ತರ ಅದಾರ್ರೀ?"

ಅಪ್ಪ ನನ್ನ ಕಡೆ ತಿರುಗಿದ. "ನನಗೇನು ಗೊತ್ತು? ನೀ ನೋಡಿ ಬಂದೀಯಲ್ಲ, ನೀ ಹೇಳು."

ನಾನು ಕೈ ಎತ್ತಿ ತೋರಿಸಿದೆ. ನನ್ನ ತಲೆಗಿಂತ ತುಸು ಮೇಲೆ, ಗಾಳಿಯಲ್ಲಿ.

"ಎತ್ತರ ಅದಾನಪಾ" ಎಂದ ಅಪ್ಪ ಖುಷಿಯಿಂದ. "ಹತ್ತು ಮೊಳದ್ದ ಕೊಡ್ರಿ."